ಕೆಂಪು ಕಾರು, ಮಾಫಿ ಲೈಸೆನ್ಸು

ಕೆನ್‌ಮೇರ್ ಊರಿನ ಬಾಡಿಗೆ ಕಾರಿನ ಅಂಗಡಿಯಲ್ಲಿ ನೋರೀನ್ ಎಂಬ ಹೆಂಗಸು ಫಿನ್‌ಟನ್ ಗೆರಟಿಯ ಲೈಸೆನ್ಸನ್ನು ತಿರುವಿ ಮುರುವಿ ನೋಡಿ, "ಇದು ಮಾರ್ಚಿಗೇ ಮುಗಿದುಹೋಗಿದೆಯಲ್ಲ ಸರ್," ಅಂದಾಗ ಅಟ್ರಾಕ್ಟಾಗೆ ಮೊದಲು ಬಂದದ್ದು ನಗು. ಅವಳ ಗಂಡ ಇಪ್ಪತ್ತೊಂಬತ್ತು ವರ್ಷ ರಾಸ್‌ಕಾಮನ್ ಜಿಲ್ಲೆಯಲ್ಲಿ ಡ್ರೈವಿಂಗ್ ಪರೀಕ್ಷಕನಾಗಿದ್ದವನು. ತಾರೀಖು ಒಂದು ದಿನ ಮೀರಿದ್ದರೂ ಬಂದವರನ್ನು ಬಾಗಿಲಿಂದಲೇ ವಾಪಸು ಕಳಿಸುತ್ತಿದ್ದವನು.

"ಹೌದಾ? ಮಾರ್ಚಾ?" ಅಂದ ಫಿನ್‌ಟನ್.

ನಲವತ್ತಮೂರು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಸುಳ್ಳು ಗೊತ್ತಾಗದೇ ಇರುತ್ತದೆಯೇ? ಪಾಪ, ಅವನಿಗೆ ಆ ವಿದ್ಯೆ ಬರುತ್ತಿರಲಿಲ್ಲ. ಸುಳ್ಳು ಬಾಯಿಗೆ ಬರುವ ಮೊದಲೇ ಕಿವಿ ಕೆಂಪಗಾಗುತ್ತಿತ್ತು. ಈಗ ಎರಡೂ ಕಿವಿ ಹೊರಗೆ ನಿಂತಿದ್ದ ಕಾರಿನ ಬಣ್ಣಕ್ಕೆ ತಿರುಗಿದ್ದವು.

ಅಟ್ರಾಕ್ಟಾಳ ನಗು ಅಲ್ಲಿಗೇ ನಿಂತಿತು. ಆರು ತಿಂಗಳಿಂದ ಇವನು ಮನೆಯ ಕಾರು ಮುಟ್ಟಿರಲಿಲ್ಲ. ಒಂದು ದಿನ ಬ್ಯಾಟರಿ ಸರಿ ಇಲ್ಲ ಅಂದ, ಇನ್ನೊಂದು ದಿನ ನಡೆದರೆ ಮೈಗೆ ಒಳ್ಳೆಯದು ಅಂದ, ಈ ಪ್ರವಾಸಕ್ಕೆ ಬರುವಾಗ ರೈಲಿನಲ್ಲಿ ಕಿಟಕಿ ಪಕ್ಕ ಕೂತು ನೋಡುವ ಸುಖವೇ ಬೇರೆ ಅಂದ. ಇವಳೂ ನಂಬಿದಂತೆ ಇದ್ದಳು, ಒಳಗೊಳಗೇ ಏನಿರಬಹುದು ಅಂತ ಹುಡುಕುತ್ತಲೂ ಇದ್ದಳು. ಹೊಸ ಲೈಸೆನ್ಸು ಮಾಡಿಸಲು ಲೈಸೆನ್ಸು ಕಚೇರಿಗೆ ಹೋಗಿಬಂದರೆ ಮುಗಿಯುವ ಕೆಲಸ. ಅದಕ್ಕೂ ಹೋಗದೇ ಇರಲು ಕಾರಣ ಏನು?

"ಮೇಡಂ, ನಿಮ್ಮ ಹತ್ರ ಲೈಸೆನ್ಸ್ ಇದ್ಯಾ?" ನೋರೀನ್ ಕೇಳಿದಳು.

"ಇದೆ," ಅಂದಳು ಅಟ್ರಾಕ್ಟಾ.

"ಅವಳದು ಮಾಫಿ ಲೈಸೆನ್ಸು," ಅಂದ ಫಿನ್‌ಟನ್. ಇಂಥ ಗಳಿಗೆಯಲ್ಲೂ ಆ ಮಾತು ಬಿಡಲಿಲ್ಲ ಪುಣ್ಯಾತ್ಮ.

ನೋರೀನ್ ಜೋರಾಗಿ ನಕ್ಕಳು. "ಎಪ್ಪತ್ತೊಂಬತ್ತರದಾ? ನಮ್ಮಮ್ಮಂದೂ ಅದೇ ಸರ್. ಗೋಡೆಗೆ ಗುದ್ದಿದ್ದು ಎರಡೇ ಸಲ."

ಎಪ್ಪತ್ತೊಂಬತ್ತರ ಇಸವಿಯಲ್ಲಿ ಪರೀಕ್ಷೆಗೆ ಕಾದವರ ಸಾಲು ಕರಗದಷ್ಟು ಉದ್ದವಾದಾಗ, ಎರಡನೇ ಕಲಿಕಾ ಲೈಸೆನ್ಸು ಕೈಯಲ್ಲಿದ್ದವರಿಗೆಲ್ಲ ಸರ್ಕಾರ ಪೂರ್ತಿ ಲೈಸೆನ್ಸು ಕೊಟ್ಟು ಕೈ ತೊಳೆದುಕೊಂಡಿತ್ತು. ಪರೀಕ್ಷೆಯೇ ಮಾಫಿ. ಇಪ್ಪತ್ತೆರಡರ ಅಟ್ರಾಕ್ಟಾ ಅವರಲ್ಲೊಬ್ಬಳು. ಆ ಲೈಸೆನ್ಸಿನಲ್ಲೇ ಇಪ್ಪತ್ತಾರು ವರ್ಷ ಅಂಚೆಯ ಹಸಿರು ವ್ಯಾನು ಓಡಿಸಿ, ಜೌಗು ನೆಲದ ಸೀಳುದಾರಿಗಳಲ್ಲಿ ಕಾಗದ ಹಂಚಿ ನಿವೃತ್ತಳಾದಳು. ಆದರೆ ಒಂದು ದಿನವೂ ಗಂಡ ಅವಳ ಪಕ್ಕದ ಸೀಟಿನಲ್ಲಿ ಕೂತಿರಲಿಲ್ಲ. "ಪರೀಕ್ಷೆ ಆಗದವರ ಪಕ್ಕ ಸಂಬಳ ಕೊಟ್ಟರೆ ಮಾತ್ರ ಕೂರೋದು," ಅಂತ ಮದುವೆ ಮನೆಗಳಲ್ಲಿ ತಮಾಷೆ ಮಾಡುತ್ತಿದ್ದ. ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಮನೆಗೆ ಬಂದ ಮೇಲೆ ಅದೇ ಪ್ರಶ್ನೆ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಳ್ಳುತ್ತಿತ್ತು: ನಾನು ಪರೀಕ್ಷೆಗೆ ಕೂತಿದ್ದರೆ ಪಾಸಾಗುತ್ತಿದ್ದೆನಾ? ಒಂದು ಸಲವೂ ಬಾಯಿಬಿಟ್ಟು ಕೇಳಿರಲಿಲ್ಲ. ಕೇಳಿದರೆ ಅವನು ನಿಜ ಹೇಳಿಬಿಡುತ್ತಾನೆ ಎಂಬ ಭಯ.

ಅಂಗಡಿಯಿಂದ ಹೊರಗೆ ಬಂದು ಇಬ್ಬರೂ ಕಾರಿನ ಮುಂದೆ ನಿಂತರು. ಎರಡೇ ಸೀಟು, ಕೆಂಪು, ಟಾಪು ಮಡಚಿ ಹಿಂದಕ್ಕೆ ಸರಿಸಿದ್ದು. ಫಿನ್‌ಟನ್ನನ ಎಪ್ಪತ್ತೆರಡನೇ ಹುಟ್ಟುಹಬ್ಬಕ್ಕೆ ಅಂತ ಅವಳೇ ಗುಟ್ಟಾಗಿ ಹೇಳಿಟ್ಟಿದ್ದಳು. ಬೇರೆಯವರ ನಡುಗುವ ಪುಟ್ಟ ಕಾರುಗಳಲ್ಲಿ ಮಂಡಿ ಮಡಚಿ ಕೂತು ಆಯುಷ್ಯ ಕಳೆದ ಮನುಷ್ಯ ಇಂಥದ್ದನ್ನು ಓಡಿಸುವಾಗ ಮುಖ ಹೇಗಿರುತ್ತದೆ ಅಂತ ನೋಡುವ ಆಸೆ ಅವಳಿಗೆ. ಈಗ ಆ ಆಸೆ ಮಣ್ಣುಪಾಲು.

"ವಾಪಸು ಕೊಟ್ಟುಬಿಡೋಣ," ಅಂದ ಅವನು.

"ಯಾಕೆ? ನಾನು ಓಡಿಸ್ತೀನಿ. ನೀನು ಪರೀಕ್ಷೆ ಮಾಡು."

"ಹುಚ್ಚಾ ನಿಂಗೆ?"

"ನಲವತ್ತೈದು ವರ್ಷ ಬಾಕಿ ಉಳಿದಿರೋ ಪರೀಕ್ಷೆ ಮಾರಾಯ. ಇವತ್ತು ಮುಗಿಸಿಬಿಡು. ಸುಳ್ಳು ಅಂಕ ಬೇಡ. ಫೇಲಾದ್ರೆ ಫೇಲು."

ಎಷ್ಟೋ ವರ್ಷ ಬಾಯಿಗೆ ಬಾರದ ಮಾತು ಇಷ್ಟು ಸುಲಭವಾಗಿ ಹೊರಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಫಿನ್‌ಟನ್ ಒಳಗೆ ಹೋಗಿ ನೋರೀನ್ ಹತ್ತಿರ ಒಂದು ಖಾಲಿ ಹಾಳೆಯನ್ನೂ ಪೆನ್ಸಿಲನ್ನೂ ಇಸಿದುಕೊಂಡು ಬಂದ. ಬಾಗಿಲು ತೆಗೆದು ಕೂತು, ಬೆಲ್ಟು ಹಾಕಿಕೊಂಡು, ಕೈ ಮಂಡಿಯ ಮೇಲಿಟ್ಟ. ಮುಖದಲ್ಲಿ ಗಂಡ ಕಾಣದಾದ. ಆ ಜಾಗದಲ್ಲಿ ಜಿಲ್ಲೆಗೆ ಜಿಲ್ಲೆಯೇ ಹೆದರುತ್ತಿದ್ದ ಪರೀಕ್ಷಕ ಬಂದು ಕೂತಿದ್ದ.

"ಶ್ರೀಮತಿ ಗೆರಟಿ, ಎಡಕ್ಕೆ ಹೋಗಿ ಅನ್ನೋವರೆಗೆ ನೇರ ಹೋಗಿ," ಅಂದ.

ಸೆಪ್ಟೆಂಬರಿನ ಮೋಡ ಬೆಟ್ಟದ ತಲೆಯ ಮೇಲೇ ಕೂತಿತ್ತು. ಊರು ದಾಟುವಷ್ಟರಲ್ಲಿ ತುಂತುರು ಶುರುವಾಯಿತು. ಇಬ್ಬರೂ ಟೊಪ್ಪಿ ಕೆಳಗೆಳೆದುಕೊಂಡರೇ ಹೊರತು ಟಾಪು ಏರಿಸುವ ಮಾತು ಯಾರೂ ಎತ್ತಲಿಲ್ಲ. ಜೋರಾಗಿ ಹೋದರೆ ಹನಿಗಳು ತಲೆ ಮೇಲಿಂದ ಹಾರಿ ಹೋಗುತ್ತವಂತೆ, ಒಳಗೆ ಬೀಳುವುದಿಲ್ಲವಂತೆ ಅಂತ ಅಟ್ರಾಕ್ಟಾ ಯಾರ ಬಾಯಲ್ಲೋ ಕೇಳಿದ್ದಳು. ನಿಜವೋ ಸುಳ್ಳೋ ಅಂತ ಎಂಬತ್ತರವರೆಗೆ ಒತ್ತಿದಳು. ಅರೆ, ನಿಜವೇ! ಮುಂದಿನ ಗಾಜಿನ ಮೇಲಿಂದ ಗಾಳಿಯ ಜೊತೆ ಮಳೆಯೂ ಹಿಂದಕ್ಕೆ ಓಡುತ್ತಿತ್ತು; ಮೂಗಿನ ತುದಿಗೂ ಒಂದು ಹನಿ ಇಲ್ಲ.

"ನೋಡಿದ್ಯಾ, ನೆನೀತಿಲ್ಲ!"

"ಮಿತಿ ಎಂಬತ್ತು," ಅಂತಷ್ಟೇ ಹೇಳಿದ ಪರೀಕ್ಷಕ.

ಎದುರಿಗೆ ಬಂದ ಪ್ರತಿ ಗಾಡಿಗೂ ಅವಳ ತೋರುಬೆರಳು ಸ್ಟೀರಿಂಗಿನಿಂದ ತಾನಾಗಿಯೇ ಮೇಲೆದ್ದು ಕೂರುತ್ತಿತ್ತು. ಹಳ್ಳಿಗಾಡಿನಲ್ಲಿ ಅದು ನಮಸ್ಕಾರ. ಗುರುತಿದ್ದರೂ ಎತ್ತಬೇಕು, ಇಲ್ಲದಿದ್ದರೂ ಎತ್ತಬೇಕು. ಎತ್ತದಿದ್ದರೆ ಆ ಮನೆಯಲ್ಲಿ ಏನೋ ಆಗಿದೆ ಅಂತ ಸಂಜೆಯೊಳಗೆ ಸುದ್ದಿ ಹಬ್ಬುತ್ತದೆ. ಫಿನ್‌ಟನ್‌ಗೆ ಮಾತ್ರ ಆ ಬೆರಳು ಕಂಡರಾಗುತ್ತಿರಲಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ನೆರೆಮನೆಯವನಿಗೆ ಬೆರಳೆತ್ತಿದ ಪಾದ್ರಿಯೊಬ್ಬರನ್ನೇ ಅವನು ಫೇಲು ಮಾಡಿದ್ದ. ಪೆನ್ಸಿಲು ಹಾಳೆಯ ಮೇಲೆ ಸರಕ್ ಅಂದಾಗಲೆಲ್ಲ ಅಟ್ರಾಕ್ಟಾ ನಾಲಿಗೆ ಕಚ್ಚಿಕೊಂಡು ಬೆರಳನ್ನು ಬೈದುಕೊಂಡಳು. ಮುಂದಿನ ಗಾಡಿಗೆ ಅದು ಮತ್ತೆ ಎದ್ದಿತು.

ಹೀಲಿ ಕಣಿವೆಯ ದಾರಿ ಹಾವು ಮಲಗಿದ ಹಾಗೆ ಸುತ್ತಿ ಸುತ್ತಿ ಬೆಟ್ಟ ಹತ್ತುತ್ತದೆ. ಅರ್ಧ ಹತ್ತಿದ್ದಾಗ ಎದುರಿಗೊಂದು ಕ್ಯಾಂಪರ್ ವ್ಯಾನು ಬಂತು. ಓಡಿಸುತ್ತಿದ್ದ ಡಚ್ ಪ್ರವಾಸಿ ಎಡಗಡೆಯ ಸೀಟಿನಲ್ಲಿ ಕೂತು ಎರಡೂ ಕೈ ಮೇಲೆತ್ತಿದ. ಹಿಂದೆ ಹೋಗಲು ತನಗೆ ಧೈರ್ಯವಿಲ್ಲ ಅಂತ ಅರ್ಥ. ಪಕ್ಕದಲ್ಲಿ ಅವನ ಹೆಂಡತಿ ಕಣ್ಣು ಮುಚ್ಚಿಕೊಂಡಿದ್ದಳು.

ಅಟ್ರಾಕ್ಟಾ ಹಿಂತಿರುಗಿ ನೋಡಿದಳು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೋಟು ಗೋಡೆ, ಅದರಾಚೆ ಪ್ರಪಾತ, ದಾರಿಯ ತಿರುವಿನಲ್ಲಿ ಮೂರು ಕುರಿ. ಟಾಪು ಇಲ್ಲದ್ದರಿಂದ ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಉಸಿರು ಬಿಗಿಹಿಡಿದು, ಮೆಲ್ಲಗೆ, ಬಂಡೆಗೆ ಒಂದು ಗೇಣು ಉಳಿಸಿಕೊಂಡು ಇಡೀ ತಿರುವು ಹಿಮ್ಮುಖವಾಗಿ ಇಳಿದಳು. ಕುರಿಗಳಿಗೆ "ಹೊರಡ್ರಮ್ಮ, ದಾರಿ ಬಿಡಿ" ಅಂತ ಹೇಳಲೂ ಪುರಸೊತ್ತಿತ್ತು. ಪಕ್ಕಕ್ಕೆ ನಿಲ್ಲಿಸಿ ವ್ಯಾನನ್ನು ದಾಟಿಸಿದಾಗ ಡಚ್ ಹೆಂಡತಿ ಕಣ್ಣು ಬಿಟ್ಟು ಚಪ್ಪಾಳೆ ತಟ್ಟಿದಳು.

ಫಿನ್‌ಟನ್ನನ ಪೆನ್ಸಿಲು ಮಿಸುಕಲಿಲ್ಲ. ಅವಳಿಗೆ ಅಷ್ಟೇ ಸಾಕಾಗಿತ್ತು. ಇದು ಪಾಸು, ಇದಂತೂ ಪಾಸೇ ಅಂತ ಎದೆ ಕುಣಿಯಿತು.

ಆ ಕುಣಿತವೇ ಅವಳನ್ನು ಕೆಡಿಸಿತು. ಬೆಟ್ಟ ಇಳಿದು ಆಡ್ರಿಗೋಲ್ ಹತ್ತಿರ ದಾರಿ ದೊಡ್ಡ ರಸ್ತೆಗೆ ಸೇರುವಲ್ಲಿ, ಬೇಲಿಯ ಪಕ್ಕ ಟ್ರ್ಯಾಕ್ಟರಿನ ಮೇಲೊಬ್ಬ ಮುದುಕ ಕೂತಿದ್ದ. ಕೆಂಪು ಕಾರು ನೋಡಿ ಅವನು ಒಂದರ ಬದಲು ಎರಡು ಬೆರಳು ಎತ್ತಿದ. ಅಂಥ ಮರ್ಯಾದೆಗೆ ಉತ್ತರ ಕೊಡದೆ ಇರಲಾದೀತೇ? ಅವಳೂ ಎರಡು ಬೆರಳು ಎತ್ತಿ, ಕತ್ತು ಬಾಗಿಸಿ, ನಕ್ಕು ಮುಂದೆ ನೋಡುವಷ್ಟರಲ್ಲಿ ಕಾರು ಬಿಳಿ ಗೆರೆ ದಾಟಿ ದೊಡ್ಡ ರಸ್ತೆಗೆ ಬಂದಾಗಿತ್ತು. ಎಡಗಡೆ, ಫಿನ್‌ಟನ್ನನ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ, ಎಂಟು ಮೂಲೆಯ ಕೆಂಪು ಸ್ಟಾಪ್ ಬೋರ್ಡು ಹಿಂದೆ ಸರಿಯಿತು. ದೇವರ ದಯೆ, ರಸ್ತೆಯಲ್ಲಿ ಯಾರೂ ಇರಲಿಲ್ಲ.

ಇದಕ್ಕೆ ಮಾತೇ ಇಲ್ಲ. ಇದೊಂದು ತಪ್ಪಿಗೇ ಅವನು ಹಾಳೆ ಮಡಚಿ, ಪರೀಕ್ಷೆಯ ಕಚೇರಿಗೆ ವಾಪಸು ನಡೀರಿ ಅನ್ನುತ್ತಿದ್ದ. ಅವಳು ಕಾದಳು. ಅವನು ನೇರ ಮುಂದೆ ನೋಡುತ್ತ, "ಎಡಕ್ಕೆ," ಅಂದ. ಅಷ್ಟೇ. ಪೆನ್ಸಿಲು ಸುಮ್ಮನಿತ್ತು.

ಯಾಕೆ? ಹುಟ್ಟುಹಬ್ಬ ಅಂತ ಬಿಟ್ಟನೇ? ಬಿಡುವ ಜಾತಿಯಲ್ಲ ಅದು. ಸ್ವಂತ ತಂಗಿಯನ್ನು ನಾಲ್ಕು ಸಲ ಫೇಲು ಮಾಡಿ, ಎರಡು ಕ್ರಿಸ್‌ಮಸ್ ಅವಳ ಮನೆಯ ಊಟ ಕಳೆದುಕೊಂಡವನು. ಅಟ್ರಾಕ್ಟಾ ಓರೆಗಣ್ಣಿನಲ್ಲಿ ನೋಡಿದಳು. ಇನ್ನೊಂದು ಬೋರ್ಡು ಬಂದಾಗ ಕಾರು ನಿಧಾನ ಮಾಡಿ ಕೇಳಿದಳು:

"ಗ್ಲೆನ್‌ಗರಿಫ್‌ಗೆ ಎಷ್ಟು ಕಿಲೋಮೀಟರ್ ಅಂತ ಬರ್ದಿದೆ ಅಲ್ಲಿ?"

"ಓಡಿಸೋಳು ನೀನು. ನೀನೇ ಓದ್ಕೋ."

"ನನ್ನ ಕಣ್ಣಿಗೆ ಗಾಳಿ ಬಡೀತಿದೆ."

"ಪರೀಕ್ಷಕರು ಉತ್ತರ ಹೇಳಿಕೊಡಲ್ಲ ಶ್ರೀಮತಿ ಗೆರಟಿ."

ಕಿವಿ ಮತ್ತೆ ಕೆಂಪು. ಗಾಳಿಗಿರಬಹುದು, ಇಲ್ಲದಿರಲೂಬಹುದು. ಅವಳು ಮುಂದೆ ಕೇಳಲಿಲ್ಲ. ಬೆಟ್ಟ ಕೊರೆದು ಮಾಡಿದ ಸುರಂಗದೊಳಗೆ ಹೋಗುವಾಗ ಮೇಲಿಂದ ತಣ್ಣನೆ ನೀರು ಇಬ್ಬರ ಮೇಲೂ ತೊಟತೊಟ ಸುರಿಯಿತು. ಅವಳು ಚೀರಿದಳು. ಫಿನ್‌ಟನ್ ತಲೆ ಹಿಂದಕ್ಕೆ ಚೆಲ್ಲಿ ಗಹಗಹಿಸಿ ನಕ್ಕ. ಸುರಂಗದ ಗೋಡೆಗಳೂ ಅವನ ಜೊತೆ ನಕ್ಕವು. ಇಷ್ಟು ವರ್ಷದಲ್ಲಿ ಅವನು ಹಾಗೆ ನಕ್ಕದ್ದನ್ನು ಅವಳು ಕೇಳಿರಲಿಲ್ಲ.

ಕೆನ್‌ಮೇರಿನ ಅಂಗಡಿಯ ಅಂಗಳದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದಳು. ಫಿನ್‌ಟನ್ ಗಂಟಲು ಸರಿಮಾಡಿಕೊಂಡ.

"ಶ್ರೀಮತಿ ಗೆರಟಿ, ನಿಮ್ಮ ಪರೀಕ್ಷೆ ಮುಗೀತು. ಬೆರಳಿನ ಚಾಳಿ ಒಂದು ಬಿಡಬೇಕು. ಆದರೆ ಆ ಹಿಂದೆ ಬಂದಿದ್ದಿದೆಯಲ್ಲ, ನನ್ನ ಇಡೀ ಸರ್ವೀಸಲ್ಲಿ ಅಂಥದ್ದು ಕಂಡಿಲ್ಲ. ಪಾಸು."

ಆ ಒಂದು ಮಾತಿಗೆ ಅವಳು ಎಷ್ಟು ಕಾದಿದ್ದಳು! ಮೈಯೆಲ್ಲ ಬೆಚ್ಚಗಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಮುಗಿದೇ ಹೋಗುತ್ತಿತ್ತು. ನೋಡಿದವನು ಟ್ರ್ಯಾಕ್ಟರಿನ ಮುದುಕ ಒಬ್ಬನೇ, ಅವನೇನು ರಾಸ್‌ಕಾಮನ್‌ಗೆ ಬಂದು ಸಾಕ್ಷಿ ಹೇಳುತ್ತಾನೆಯೇ? ಮುಂದಿನ ಮದುವೆಯಲ್ಲಿ ಇವನ ಬಾಯಿಂದಲೇ ಎಲ್ಲರ ಮುಂದೆ ಹೇಳಿಸಬಹುದಿತ್ತು. ಅಟ್ರಾಕ್ಟಾ ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದಳು. ಈ ಪಾಸು ಇಟ್ಟುಕೊಂಡರೆ ಅವನು ಕಣ್ಣಿನೊಳಗಿನ ಕತ್ತಲನ್ನು ಒಬ್ಬನೇ ಇಟ್ಟುಕೊಳ್ಳುತ್ತಾನೆ ಅನ್ನಿಸಿತು.

"ಫಿನ್‌ಟನ್, ಆಡ್ರಿಗೋಲಲ್ಲಿ ಸ್ಟಾಪ್ ಬೋರ್ಡ್ ಇತ್ತು. ನಾನು ನಿಲ್ಲಿಸ್ಲಿಲ್ಲ."

ಅವನು ಪೆನ್ಸಿಲು ಕೆಳಗಿಟ್ಟ.

"ನಮ್ಮ ಕಡೆಗಾ?"

"ನಿನ್ನ ಕಡೆಗೇ. ಕೈ ಚಾಚಿದ್ರೆ ಸಿಗ್ತಿತ್ತು."

"ಕಾಣ್ಲಿಲ್ಲ," ಅಂದ. ಆಮೇಲೆ ಇನ್ನೂ ಮೆಲ್ಲಗೆ, "ನಡುಮಧ್ಯ ಏನೂ ಕಾಣಲ್ಲ ಅಟ್ರಾಕ್ಟಾ. ಅಂಚಲ್ಲಿ ಏನೋ ಸರಿದದ್ದು ಗೊತ್ತಾಗುತ್ತೆ, ಏನಂತ ತಿಳಿಯಲ್ಲ; ಮಧ್ಯ ಅಳಿಸಿಹೋಗಿದೆ. ನಿನ್ನ ಮುಖ ನೋಡ್ಬೇಕು ಅಂದ್ರೆ ನಿನ್ನ ಕಿವಿ ನೋಡ್ಬೇಕು. ಈ ವಯಸ್ಸಲ್ಲಿ ಕಣ್ಣಿನ ಡಾಕ್ಟರ ಸಹಿ ಇಲ್ದೆ ಲೈಸೆನ್ಸ್ ಕೊಡಲ್ಲ. ಹೋದ್ರೆ ಅವರೇನು ಬರೀತಾರೆ ಅಂತ ನಂಗೊತ್ತು. ನಾನೇ ಎಷ್ಟು ಜನಕ್ಕೆ ಕಣ್ಣು ಸಾಲದು ಅಂತ ಬರ್ದಿಲ್ಲ."

ಅವಳಿಗೆ ಅಳು ಬಂತು, ಅತ್ತಳು. ಅವನ ಮೇಲೆ ಸಿಟ್ಟೂ ಬಂತು. ಆರು ತಿಂಗಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬ್ಯಾಟರಿಯ ಕಥೆ ಹೇಳಿದನಲ್ಲ ಪೆದ್ದ. ಅವನ ಮಂಡಿಯ ಮೇಲಿದ್ದ ಹಾಳೆ ನೋಡಿದಳು. ಬೆರಳೆತ್ತಿದ ಲೆಕ್ಕದ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು ಕಪ್ಪು ಮುದ್ದೆಯಾಗಿದ್ದವು.

"ಅಂದ್ರೆ ನಾನು ಫೇಲು," ಅಂದಳು ಮೂಗು ಒರೆಸಿಕೊಳ್ಳುತ್ತ.

"ಸ್ಟಾಪ್ ಬೋರ್ಡಿಗೆ ನಿಲ್ಲಿಸದಿದ್ರೆ ಫೇಲೇ. ಅದರಲ್ಲಿ ಎರಡು ಮಾತಿಲ್ಲ." ಅವನು ಪೆನ್ಸಿಲು ತೆಗೆದುಕೊಂಡ. ಅದರ ತುದಿ ಹಾಳೆಯ ಮೇಲೆ ಅಲ್ಲಿ ಇಲ್ಲಿ ತಡವರಿಸಿತು. "ಖಾಲಿ ಜಾಗ ಎಲ್ಲಿದೆ, ತೋರಿಸು."

ಅಟ್ರಾಕ್ಟಾ ಅವನ ಕೈ ಹಿಡಿದು ಹಾಳೆಯ ಕೆಳಗಿನ ಮೂಲೆಗೆ ತಂದಿಟ್ಟಳು. ಅವನು ಅಲ್ಲಿ ದೊಡ್ಡ ಅಕ್ಷರದಲ್ಲಿ ಫೇಲ್ ಅಂತ ಬರೆದು, ಕೆಳಗೆ ಸಹಿ ಹಾಕಿದ. ಅವಳು ಕೈ ಬಿಡಲಿಲ್ಲ.

"ಮತ್ತೆ ಪರೀಕ್ಷೆ ಯಾವಾಗ?" ಅಂತ ಕೇಳಿದಳು.

"ಸೋಮವಾರ," ಅಂದ ಫಿನ್‌ಟನ್. "ಗಾಲ್ವೇ ಕಣ್ಣಾಸ್ಪತ್ರೆವರೆಗೆ. ನಾನು ಪಕ್ಕದಲ್ಲಿ ಕೂತಿರ್ತೀನಿ."