ಗಾಳಿಮರದ ಯಾವ ಕಡೆ

ಕ್ಷೌರದಂಗಡಿಯವನು ಸಮಿತಿಗೆ ಸೇರಿದ್ದು ಊರಿನ ಮೇಲಿನ ಪ್ರೀತಿ ಉಕ್ಕಿ ಬಂದೇನೂ ಅಲ್ಲ. ಉದ್ಯಾನ, ಮರ ಮತ್ತು ಕಡಲತೀರ ಸಮಿತಿಯಲ್ಲಿ ಒಂದು ಜಾಗ ಖಾಲಿ ಬಿದ್ದಿತ್ತು. "ಯಾರು ಬರ್ತೀರಿ?" ಎಂದು ಅಧ್ಯಕ್ಷೆ ಕೇಳಿದಾಗ ಸಭೆಯಲ್ಲಿದ್ದವರೆಲ್ಲ ನೆಲ ನೋಡಿದರು. ಇವನೊಬ್ಬ ಮಾತ್ರ ಅಭ್ಯಾಸಬಲದಿಂದ ಎದುರಿಗಿದ್ದವರ ಗಡ್ಡ ನೋಡುತ್ತ ಕೂತಿದ್ದ. ತಲೆ ಎತ್ತಿದ್ದವನು ಅವನೊಬ್ಬನೇ ಆದ್ದರಿಂದ ಅವಿರೋಧವಾಗಿ ಆಯ್ಕೆಯಾದ.

ಆ ಸಮಿತಿಗೆ ತನ್ನದೇ ಆದ ಒಂದು ಪದ್ಧತಿ ಇತ್ತು. ಮರದ ವಿಚಾರವನ್ನು ಕೋಣೆಯೊಳಗೆ ಕೂತು ತೀರ್ಮಾನಿಸುವಂತಿಲ್ಲ, ಆ ಮರದ ಬುಡಕ್ಕೇ ಹೋಗಬೇಕು. ಕಡಿಯಲಿ ಎನ್ನುವವರು ಮರದ ಒಂದು ಕಡೆ ನಿಲ್ಲಬೇಕು, ಉಳಿಯಲಿ ಎನ್ನುವವರು ಇನ್ನೊಂದು ಕಡೆ. ಈ ಪದ್ಧತಿ ತಂದವರು ಅಧ್ಯಕ್ಷೆಯೇ. ಅವರು ನಿವೃತ್ತ ಹೆಡ್‌ಮಿಸ್ಸು. ಶಾಲೆ ಬಿಟ್ಟಿದ್ದರೂ ಸೀಟಿ ಬಿಟ್ಟಿರಲಿಲ್ಲ.

"ಕೈ ಎತ್ತಿ ಅಂದ್ರೆ ಅರ್ಧ ಎತ್ತುತೀರಿ. ಆಮೇಲೆ ಕೇಳಿದ್ರೆ ತಲೆ ಕೆರ್ಕೊಳ್ತಿದ್ದೆ ಅಂತೀರಿ. ಇನ್ನು ಮೇಲೆ ಕಾಲೂರಿ ನಿಂತು ಹೇಳಿ. ನಾನು ಸೀಟಿ ಊದಿದಾಗ ಯಾರು ಎಲ್ಲಿರ್ತಾರೋ ಅದೇ ಅವರ ಮತ" ಎಂದಿದ್ದರು.

ಈ ಸಲ ಸಮಿತಿಯ ಮುಂದೆ ಬಂದದ್ದು ಗಾಳಿ, ಮರಳು ತಡೆಯಲೆಂದು ಕಡಲದಂಡೆಯಲ್ಲಿ ನೆಟ್ಟಿದ್ದ ಗಾಳಿಮರಗಳ ಸಾಲು. ಅವನ್ನು ಕಡಿಸಿ ಎಂದು ಕೇಳಿದವನು ಬೇರೆ ಯಾರೂ ಅಲ್ಲ, ಇವನ ಹೆಂಡತಿಯ ಸ್ವಂತ ಅಣ್ಣ. ಭಾವ ರಸ್ತೆಯ ಈಚೆಗೆ ಹೊಸದಾಗಿ ವಸತಿಗೃಹ ಕಟ್ಟಿಸಿದ್ದ. ಗೋಡೆ ಏಳುವ ಮೊದಲೇ "ಪ್ರತಿ ಕೋಣೆಯಿಂದಲೂ ಸಮುದ್ರ" ಎಂದು ಬೋರ್ಡು ಬರೆಸಿದ್ದ. ಕಟ್ಟಿ ಮುಗಿಸಿ ಕಿಟಕಿ ತೆಗೆದರೆ ಪ್ರತಿ ಕೋಣೆಯಿಂದಲೂ ಗಾಳಿಮರ. ಕೊಟ್ಟ ದುಡ್ಡಿಗೆ ಸಮುದ್ರ ನೋಡಿಯೇ ತೀರುತ್ತೇನೆಂದು ಅತಿಥಿಯೊಬ್ಬ ಮಂಚದ ಮೇಲೆ ಕುರ್ಚಿ ಇಟ್ಟು ಹತ್ತಿ, ತನ್ನ ಟೋಪಿಯನ್ನು ಫ್ಯಾನಿಗೆ ಒಪ್ಪಿಸಿ ಇಳಿದಿದ್ದ.

ಇವನ ಅಂಗಡಿ ಇದ್ದದ್ದು ಅದೇ ಕಟ್ಟಡದ ಕೆಳಗಿನ ಕೋಣೆಯಲ್ಲಿ. ಕರಾರು ಗಿರಾರು ಏನೂ ಇಲ್ಲ, ಎಲ್ಲ ಬಾಯಿಮಾತು. ತಂಗಿಯ ಗಂಡ ಎಂಬ ದಾಕ್ಷಿಣ್ಯವೇ ಬಾಗಿಲು, ಬೀಗ ಎಲ್ಲ.

ಸಭೆಯ ಹಿಂದಿನ ದಿನ ಭಾವ ಮನೆಗೆ ಬಂದು, ಕೂರದೆ, ಬಾಗಿಲಲ್ಲೇ ನಿಂತು ಹೇಳಿದ. "ನಿಂಗೆ ವಿವರಿಸೋದು ಏನಿದೆ? ನಾಳೆ ಸಮುದ್ರದ ಕಡೆ ನಿಂತ್ಕೋ, ಅಷ್ಟೇ."

"ಅಲ್ಲ ಭಾವ, ಹೋದ ವರ್ಷ ಸಾಲಿನ ಕೊನೇ ಮರ ಕಡಿದ್ವಲ್ಲ, ಆ ಸಂದಿಯಿಂದ ಬೀದಿಗೆಲ್ಲ ಮರಳು ನುಗ್ತಿದೆ."

"ಸಮುದ್ರದ ಪಕ್ಕ ಮರಳು ಇಲ್ಲದೆ ಇನ್ನೇನು ಇರುತ್ತೆ?"

"ಪಕ್ಕ ಇರ್ಲಿ ಭಾವ. ನನ್ನ ನೊರೆಯಲ್ಲಿದೆ."

ಅದು ಸುಳ್ಳಲ್ಲ. ಗಾಳಿ ಬೀಸಿದ ದಿನ ಬ್ರಷ್ಷು ಕೆನ್ನೆಯ ಮೇಲೆ ಕರಕರ ಎನ್ನುತ್ತಿತ್ತು. "ಗಡ್ಡ ತೆಗೀತಿದೀಯೋ, ಪಾತ್ರೆ ಉಜ್ಜುತಿದೀಯೋ?" ಎಂದು ಹಳೆಯ ಗಿರಾಕಿಯೊಬ್ಬ ಕೇಳಿಯೂ ಬಿಟ್ಟಿದ್ದ.

"ಕೋಣೆ ಯಾರದ್ದು?" ಎಂದ ಭಾವ.

"ನಿಮ್ಮದೇ ಭಾವ."

"ಅಷ್ಟು ನೆನಪಿದ್ರೆ ಸಾಕು."

ಭಾವ ಹೋದ ಮೇಲೆ ಅವನು ಹೆಂಡತಿಯ ಮುಖ ನೋಡಿದ.

"ಅಣ್ಣನ ಮಾತು ತೆಗೆದುಹಾಕ್ಬೇಡಿ" ಎಂದಳು ಅವಳು.

"ಅಂದ್ರೆ ಕಡಿಸಿಬಿಡ್ಲಾ?"

"ನಾನೆಲ್ಲಿ ಹಾಗಂದೆ? ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದುಹೋಗಿದೆ. ಸಂಜೆಯಾದ್ರೆ ಹಾಸಿಗೆ ಕೊಡವಿದಷ್ಟೂ ಮರಳು."

"ಹಾಗಾದ್ರೆ ಏನು ಮಾಡ್ಲಿ?"

"ನನ್ನ ಕೇಳಿದ್ರೆ? ಸಮಿತಿಯವರು ನೀವು."

ಮರ ಹೋದರೆ ಗಿರಾಕಿ ಹೋಗುತ್ತಾನೆ, ಮರ ಉಳಿದರೆ ಕೋಣೆ ಹೋಗುತ್ತದೆ. ಹೇಗೆ ಮಗುಚಿ ಹಾಕಿದರೂ ಸೀಯುವುದು ತಾನೇ ಎಂದು ಅವನಿಗೆ ಚೆನ್ನಾಗಿ ಅರ್ಥವಾಯಿತು.

ಮರುದಿನ ಮಧ್ಯಾಹ್ನ ಸಮಿತಿ ದಂಡೆಗೆ ಇಳಿಯಿತು. ಉಬ್ಬರದ ಹೊತ್ತು, ನೀರು ಏರುತ್ತಿತ್ತು. ಸಾಲಿನ ನಡುವಿನ ದೊಡ್ಡ ಗಾಳಿಮರವನ್ನು ಅಧ್ಯಕ್ಷೆ ಕೋಲಿನಿಂದ ಮುಟ್ಟಿ, "ಕಡಿಯಿರಿ ಅನ್ನೋರು ಸಮುದ್ರದ ಕಡೆ, ಉಳೀಲಿ ಅನ್ನೋರು ರಸ್ತೆಯ ಕಡೆ. ಗುಸುಗುಸು ಬೇಡ" ಎಂದರು. ಸಮಿತಿಯಲ್ಲಿಲ್ಲದ ಭಾವ ರಸ್ತೆಯಂಚಿನಲ್ಲಿ ಕೈಕಟ್ಟಿ ನಿಂತಿದ್ದ.

ಸದಸ್ಯರು ಸರಿದಾಡಿ ನಿಂತರು. ಹೊಸ ಬೂಟು ಹಾಕಿಕೊಂಡು ಬಂದಿದ್ದ ಔಷಧದಂಗಡಿಯವನು ಹಾಗೂ ಅವನ ಸ್ನೇಹಿತರು ಸಮುದ್ರದ ಕಡೆ. ಬೇಕರಿಯವಳು ಮತ್ತು ಅವಳ ಜೊತೆಯವರು ರಸ್ತೆಯ ಕಡೆ. ಎರಡೂ ಕಡೆ ಸಮಸಮ. ಉಳಿದವನು ಇವನೊಬ್ಬ. ಅವನು ಮರದ ಕಾಂಡಕ್ಕೆ ಬೆನ್ನು ಹಚ್ಚಿ, ಯಾವ ಕಡೆಯೂ ಅಲ್ಲದ ಜಾಗದಲ್ಲಿ ನಿಂತಿದ್ದ.

"ನೀವೇನು ಮರದ ಲೆಕ್ಕದಲ್ಲೋ, ಮನುಷ್ಯರ ಲೆಕ್ಕದಲ್ಲೋ?" ಎಂದರು ಅಧ್ಯಕ್ಷೆ.

"ಬಂದೆ ಟೀಚರ್."

ಭಾವ ಗಂಟಲು ಸರಿಮಾಡಿಕೊಂಡ ಸದ್ದು ಅಷ್ಟು ದೂರದಿಂದಲೂ ಕೇಳಿಸಿತು. ಇವನ ಕಾಲುಗಳು ತಾವಾಗಿಯೇ ಸಮುದ್ರದ ಕಡೆ ನಡೆದವು. ಔಷಧದಂಗಡಿಯವನು ಇವನ ಹೆಗಲು ತಟ್ಟಿದ. ಇವನು ತಿರುಗಿ ಮರದ ಕಡೆ ನೋಡಿದ.

ಅಧ್ಯಕ್ಷೆ ಸೀಟಿ ಬಾಯಿಗಿಟ್ಟರು. ಅದೇ ಹೊತ್ತಿಗೆ ಎಲ್ಲಿತ್ತೋ ಏನೋ, ಒಂದು ದೊಡ್ಡ ಅಲೆ ಭೋರ್ಗರೆದು ಬಂತು.

"ಅಯ್ಯೋ, ನನ್ನ ಬೂಟು!" ಎಂದು ಔಷಧದಂಗಡಿಯವನು ಓಡಿದ. ಅವನ ಹಿಂದೆ ಉಳಿದವರು, ಎಲ್ಲರ ಹಿಂದೆ ಇವನು. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ರಸ್ತೆಯ ಕಡೆಗೆ ಬಂದು ಉಸಿರು ಬಿಡುವಷ್ಟರಲ್ಲಿ ಸೀಟಿ ಕೂಗಿತು.

"ಸಮುದ್ರದ ಕಡೆ ಯಾರೂ ಇಲ್ಲ. ಸರ್ವಾನುಮತ" ಎಂದರು ಅಧ್ಯಕ್ಷೆ, ಕಣ್ಣು ಕೂಡ ಮಿಟುಕಿಸದೆ.

"ಅನ್ಯಾಯ!" ಭಾವ ಕೂಗಿಕೊಂಡ. "ಅದು ಮತ ಅಲ್ಲ ಮೇಡಂ, ಅಲೆ!"

"ಸೀಟಿ ಊದಿದಾಗ ಎಲ್ಲಿದ್ರೋ ಅದೇ ಮತ."

"ನೀರು ನುಗ್ಗಿದ್ರೆ ದನವೂ ಓಡುತ್ತೆ!"

"ನಾವು ದನಗಳಾ?" ಎಂದು ಔಷಧದಂಗಡಿಯವನೇ ತಿರುಗಿಬಿದ್ದ. ಆಮೇಲೆ ತಾನು ಯಾರ ಕಡೆಯವನೆಂದು ನೆನಪಾಗಿ, ಬಗ್ಗಿ ಬೂಟು ಒರೆಸತೊಡಗಿದ.

ಅಧ್ಯಕ್ಷೆ ನಿಷ್ಠುರರಾದರೂ ನ್ಯಾಯವಂತರು. ಒಂದು ಗಳಿಗೆ ಯೋಚಿಸಿ, "ಆಗ್ಲಿ, ಇನ್ನೊಂದು ಸಲ. ಕಡಿಯಿರಿ ಅನ್ನೋರು ವಾಪಸ್ ಹೋಗಿ ನಿಂತ್ಕೊಳ್ಳಿ" ಎಂದರು.

ಔಷಧದಂಗಡಿಯವನು ಗೊಣಗುತ್ತ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋದ. ಅವನ ಸ್ನೇಹಿತರು ಪ್ಯಾಂಟು ಮಡಿಚಿಕೊಂಡು, ಕಾಲು ಎತ್ತೆತ್ತಿ ಇಡುತ್ತ ಹಿಂಬಾಲಿಸಿದರು. ಇವನು ಮಾತ್ರ ಅಲ್ಲಾಡಲಿಲ್ಲ. ಅಲೆಗೆ ಹೆದರಿ ಓಡಿಬಂದಿದ್ದು ನಿಜ. ಆದರೆ ಬಂದು ನಿಂತ ಮೇಲೆ ಅದೇ ತನ್ನ ಜಾಗ ಅನಿಸಿತು. ಅಷ್ಟು ಹಾಯೆನಿಸಿ ಯಾವ ಕಾಲವಾಗಿತ್ತೋ!

"ಏಯ್, ಆ ಕಡೆ ಹೋಗೋ!" ಎಂದ ಭಾವ.

"ಇಲ್ಲ ಭಾವ. ನಾನು ಇಲ್ಲೇ..."

"ಕೇಳಿಸ್ಲಿಲ್ಲ. ಗಟ್ಟಿಯಾಗಿ ಹೇಳಿ" ಎಂದರು ಅಧ್ಯಕ್ಷೆ, ಪಾಠ ಒಪ್ಪಿಸುವ ಹುಡುಗನಿಗೆ ಹೇಳುವಂತೆ.

ಅವನು ಕಣ್ಣು ಮುಚ್ಚಿಕೊಂಡು ಕಿರುಚಿಯೇ ಬಿಟ್ಟ. "ಇಲ್ಲೇ ಇರ್ತೀನಿ ಟೀಚರ್! ಮೊದಲೇ ಇಲ್ಲಿ ನಿಲ್ಬೇಕಿತ್ತು!"

ಸೀಟಿ ಕೂಗಿತು. ಮರಗಳು ಉಳಿದವು. ಕಣ್ಣು ತೆರೆದಾಗ ರಸ್ತೆಯಂಚಿನಲ್ಲಿ ಭಾವ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಭಾವ ಅಂಗಡಿಗೆ ಬಂದ. ಕುರ್ಚಿಯಲ್ಲಿ ಕೂತು ಗದ್ದ ಎತ್ತಿದ. ಇವನು ಬಟ್ಟೆ ಹೊದಿಸಿ, ನೊರೆ ಹಚ್ಚಿ, ಕೆಲಸ ಶುರುಮಾಡಿದ. ಒಂದು ಕೆನ್ನೆ ಮುಗಿಯಿತು.

"ಕೋಣೆ ಖಾಲಿ ಮಾಡು" ಎಂದ ಭಾವ.

"ಆಗ್ಲಿ ಭಾವ."

ಹೇಳಿದ ಮಾತನ್ನು ನಾಳೆಗೆ ಇಟ್ಟುಕೊಳ್ಳುವ ಸ್ವಭಾವ ಇವನದಲ್ಲ. ಕತ್ತಿ ಒರೆಸಿ ಪೆಟ್ಟಿಗೆಯಲ್ಲಿಟ್ಟ. ಕತ್ತರಿಗಳನ್ನು ಬಟ್ಟೆಯಲ್ಲಿ ಸುತ್ತಿದ. ಸ್ಟೂಲು ಎಳೆದು ಹತ್ತಿ, ಗೋಡೆಯ ಕನ್ನಡಿಯ ಮೊಳೆ ಸಡಿಲಿಸತೊಡಗಿದ. ಕನ್ನಡಿಯೊಳಗಿದ್ದ ಭಾವನ ಮುಖ, ಅರ್ಧ ನುಣ್ಣಗೆ, ಅರ್ಧ ಬೆಳ್ಳಗೆ, ಒಂದು ಕಡೆಗೆ ವಾಲಿತು.

"ಏನೋ ಮಾಡ್ತಿದೀಯಾ?"

"ಖಾಲಿ ಮಾಡ್ತಿದೀನಿ ಭಾವ."

"ಈಗಲೇ ಅಲ್ಲವೋ ಪುಣ್ಯಾತ್ಮ! ಈ ಕೆನ್ನೆ?"

ಅವನು ಸ್ಟೂಲಿನ ಮೇಲೆ ನಿಂತೇ ಯೋಚಿಸಿದ. ಆಮೇಲೆ ಇಳಿದು, ಪೆಟ್ಟಿಗೆ ತೆರೆದು, ಕತ್ತಿ ತೆಗೆದು, ಉಳಿದ ಕೆನ್ನೆಯನ್ನು ಎಂದಿಗಿಂತ ಹೆಚ್ಚು ಜಾಗ್ರತೆಯಿಂದ ಮುಗಿಸಿದ. ಭಾವ ಗದ್ದ ಸವರಿಕೊಂಡ, ಆ ಕಡೆ ಈ ಕಡೆ ತಿರುಗಿ ನೋಡಿಕೊಂಡ. ಕುರ್ಚಿಯಿಂದ ಏಳಲಿಲ್ಲ.

"ಇನ್ನು ಖಾಲಿ ಮಾಡ್ಲಾ ಭಾವ?"

"ಮುಂದಿನ ಸಲ ನನ್ನ ಗಡ್ಡ ಬೆಳೆಯೋ ತನಕ ಇರು" ಎಂದ ಭಾವ, ಮುಖ ಗಂಟಿಕ್ಕಿಕೊಂಡು.

"ಗಡ್ಡ ದಿನಾ ಬೆಳೆಯುತ್ತಲ್ಲ ಭಾವ."

"ಗೊತ್ತು. ಮೊದಲು ಆ ಕನ್ನಡಿ ನೆಟ್ಟಗೆ ಮಾಡು."