ಬಲಗಿವಿಯಲ್ಲಿದ್ದವನು

ಗಂಡ ತೀರಿಕೊಂಡ ಆರನೆಯ ವಾರ ಬಣ್ಣದಕ್ಕನಿಗೆ ಮೊದಲ ಸಲ ಆ ಸದ್ದು ಕೇಳಿಸಿತು. ಊರವರ ಮನೆಗೋಡೆಗಳಿಗೆ ಬಣ್ಣ ಹೊಡೆದು ಬದುಕುವ ಹೆಂಗಸಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಬಣ್ಣದಕ್ಕ. ಗಂಡನದೂ ಅದೇ ಕಸುಬು. ಹದಿನೆಂಟು ವರ್ಷ ಏಣಿಯ ಮೇಲೊಬ್ಬರು, ಕೆಳಗೊಬ್ಬರು ನಿಂತು ದುಡಿದವರು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಅಂದು ಮಧ್ಯಾಹ್ನ ಅವಳು ಮನೆಯಲ್ಲಿ ಒಬ್ಬಳೇ ಅಡ್ಡಾಗಿದ್ದಳು. ಕಿಟಕಿಯಿಂದ ಬಾಗಿಲ ಕಡೆ ಕಣ್ಣು ಹೊರಳಿಸಿದ್ದೇ ತಡ, ಸರ್ರ್... ಒದ್ದೆ ಕುಂಚವನ್ನು ಒಣಗೋಡೆಯ ಮೇಲೆ ಉದ್ದಕ್ಕೆ ಎಳೆದ ಹಾಗೆ. ಅಷ್ಟು ನಿಧಾನವಾಗಿ, ಅಷ್ಟು ಉದ್ದಕ್ಕೆ ಕುಂಚ ಎಳೆಯುತ್ತಿದ್ದವನು ಅವನೊಬ್ಬನೇ. ಗಾಬರಿಯಿಂದ ಮೂಲೆ ಮೂಲೆ ನೋಡಿದಳು. ನೋಡಿದ ಕಡೆಯೆಲ್ಲ ಸರ್ರ್, ಸರ್ರ್.

ಹೇಳಿಕೊಂಡದ್ದು ನಾದಿನಿಯ ಹತ್ತಿರ ಮಾತ್ರ. ಅವಳು ಅವನ ಒಬ್ಬಳೇ ತಂಗಿ, ಪಕ್ಕದ ಮನೆಯವಳು. ಅಣ್ಣ ಹೋದ ಮೇಲೆ ಬಣ್ಣ ಕಲಸುವುದು, ಏಣಿ ಹಿಡಿಯುವುದು ಅವಳ ಪಾಲಿಗೆ ಬಂದಿತ್ತು. ಹೆಣ ಎತ್ತುವಾಗಲೂ ಅವಳ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ.

"ಬದುಕಿದ್ದಾಗ ಸ್ವಂತ ಮನೆ ಗೋಡೆಗೆ ಒಂದಿನ ಬಣ್ಣ ಹೊಡೀಲಿಲ್ಲ ಪುಣ್ಯಾತ್ಮ. ಸತ್ತ ಮೇಲೆ ಶುರು ಮಾಡಿದ್ನಾ?" ಎಂದಳು ಬಣ್ಣದಕ್ಕ, ನಗಲು ನೋಡುತ್ತ.

ನಾದಿನಿ ನಗಲಿಲ್ಲ. "ನಂಗೇನೂ ಕೇಳಿಸ್ತಿಲ್ಲ ಅತ್ತಿಗೆ. ನೀವು ಕೇಳಿ ಹೇಳಿ."

ಅಂದಿನಿಂದ ದಿನಾ ಸಂಜೆ ಬಂದು ಗೋಡೆಗೊರಗಿ ಕೂರುವಳು. "ಅತ್ತಿಗೆ, ಇದ್ದಾನಾ?" ಬಣ್ಣದಕ್ಕ ಸುತ್ತ ನೋಡಿ "ಇದ್ದಾನೆ" ಎಂದರೆ ಸಾಕು, ಎದ್ದು ಹೋಗಿ ಹೊಟ್ಟೆ ತುಂಬ ಉಣ್ಣುವಳು.

ಸದ್ದು ಅಷ್ಟಕ್ಕೇ ನಿಲ್ಲಲಿಲ್ಲ. ಮಾತಾಡಿದರೆ ಕೊಡದೊಳಗೆ ಬಾಯಿಟ್ಟು ಮಾತಾಡಿದಂತೆ ತನ್ನ ದನಿಯೇ ಗುಂಯ್‌ಗುಡುತ್ತಿತ್ತು. ಹೆಜ್ಜೆ ಇಟ್ಟರೆ ಹಿಂದೆ ಯಾರೋ ಬಂದಂತೆ ದಪ್ ದಪ್. ಒಂದು ದಿನ ಶಾಲೆಯ ಗೋಡೆಗೆ ಬಣ್ಣ ಹೊಡೆಯುತ್ತ ಏಣಿಯ ಹನ್ನೆರಡನೆಯ ಮೆಟ್ಟಿಲಲ್ಲಿದ್ದಾಗ, ಬೀದಿಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಇಡೀ ಗೋಡೆಯೇ ವಾಲಿದಂತಾಯಿತು. ಡಬ್ಬಿ ಕೆಳಗೆ ಬಿತ್ತು. ಅವಳು ಜೀವ ಕೈಯಲ್ಲಿ ಹಿಡಿದು ಏಣಿಯನ್ನು ತಬ್ಬಿಕೊಂಡಳು.

"ಅಣ್ಣ ಹಿಡ್ಕೊಂಡ. ಅದಕ್ಕೇ ಬೀಳ್ಲಿಲ್ಲ," ಎಂದಳು ಕೆಳಗಿಂದ ನಾದಿನಿ.

ಕೆಲಸ ಕೊಡುವ ಮೇಸ್ತ್ರಿ ಮಾತ್ರ ಅದನ್ನೆಲ್ಲ ಕೇಳುವವನಲ್ಲ. "ಡಾಕ್ಟರ ಚೀಟಿ ತರೋವರೆಗೂ ಏಣಿ ಮುಟ್ಬೇಡಮ್ಮ," ಎಂದುಬಿಟ್ಟ.

ಕಿವಿಯ ಡಾಕ್ಟರು ನಡುವಯಸ್ಸಿನ ಹೆಂಗಸು. ಕಣ್ಣಿಗೆ ಕ್ಯಾಮೆರಾ ಕಟ್ಟಿ ಕಿವಿಯೊಳಗೆ ಜೋರು ಸದ್ದು ಬಿಟ್ಟು ನೋಡಿದರು, ಸ್ಕ್ಯಾನ್ ಮಾಡಿಸಿದರು. ಆಮೇಲೆ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕಿವಿಯನ್ನು ಬಿಚ್ಚಿ ತೋರಿಸಿದರು.

"ಬಸವನಹುಳು ಥರ ಇದೆಯಲ್ಲ, ಇದು ಕೇಳೋಕೆ. ಪಕ್ಕದಲ್ಲಿ ಕಮಾನಿನ ಥರ ಮೂರು ಕೊಳವೆ, ಇವು ನಾವು ಬೀಳದ ಹಾಗೆ ನೋಡ್ಕೊಳ್ಳೋಕೆ. ಒಳಗೆಲ್ಲ ನೀರಿನಂಥದ್ದು ತುಂಬಿದೆ. ತಲೆ ತಿರುಗಿಸಿದ್ರೆ ಆ ನೀರು ಅಲುಗುತ್ತೆ, ಎತ್ತ ತಿರುಗಿದ್ವಿ ಅಂತ ಮೆದುಳಿಗೆ ಗೊತ್ತಾಗುತ್ತೆ. ನಿಮ್ಮ ಬಲಗಿವೀಲಿ ಮೇಲಿನ ಕೊಳವೆ ಮುಚ್ಚಿರೋ ಮೂಳೆ ತೂತಾಗಿದೆ. ಜೋರು ಸದ್ದಿಗೂ ನೀರು ಅಲುಗುತ್ತೆ, ಲೋಕ ವಾಲಿದ ಹಾಗಾಗುತ್ತೆ. ಮೈಯೊಳಗಿನ ಸದ್ದೂ ಆ ತೂತಿನಿಂದ ದೊಡ್ಡದಾಗಿ ಕೇಳ್ಸುತ್ತೆ."

"ಗೋಡೆಗೆ ಕುಂಚ ಎಳೆಯೋ ಸದ್ದು?" ಬಣ್ಣದಕ್ಕ ಮೆಲ್ಲಗೆ ಕೇಳಿದಳು.

"ತಲೆ ಅಲುಗಿಸದೆ ಕಣ್ಣಷ್ಟೇ ಎಡಕ್ಕೆ ಹೊರಳಿಸಿ."

ಸರ್ರ್.

"ಬಲಕ್ಕೆ."

ಸರ್ರ್.

"ಈಗ ಎದುರಿಗಿರೋ ಮೊಳೇನೇ ನೋಡ್ತಿರಿ."

ಸದ್ದಿಲ್ಲ. ಕಣ್ಣಲ್ಲಿ ನೀರಾಡುವವರೆಗೂ ಆ ಮೊಳೆಯನ್ನೇ ನೋಡಿದಳು. ಏನೇನೂ ಇಲ್ಲ.

"ಅದು ನಿಮ್ಮ ಕಣ್ಣುಗುಡ್ಡೆ ಹೊರಳೋ ಸದ್ದು," ಎಂದರು ಡಾಕ್ಟರು. "ಆಪರೇಷನ್ ಮಾಡಿ ತೂತು ಮುಚ್ಚಿದ್ರೆ ಹೋಗುತ್ತೆ."

ಮನೆಗೆ ಬಂದಾಗ ನಾದಿನಿ ಕಾದು ಕೂತಿದ್ದಳು. "ಇದ್ದಾನಾ?" ಬಣ್ಣದಕ್ಕ ಬೇಕೆಂದೇ ಕಣ್ಣು ಹೊರಳಿಸಿದಳು. "ಇದ್ದಾನೆ." ಹೀಗೆ ಒಂದು ತಿಂಗಳು ಗಂಡನನ್ನು ತಾನೇ ಕರೆಸಿಕೊಂಡಳು. ಒಮ್ಮೊಮ್ಮೆ ಒಬ್ಬಳೇ ಇದ್ದಾಗಲೂ ಕರೆಸುತ್ತಿದ್ದಳು. ಗೊತ್ತಿದ್ದೂ ಮೈ ಜುಮ್ಮೆನ್ನುತ್ತಿತ್ತು. ಆದರೆ ಸ್ಟೀಲ್ ತಟ್ಟೆ ಬಿದ್ದರೂ ಕಾಲು ಕುಸಿಯುವವಳು ಎಷ್ಟು ದಿನ ಮನೆಯಲ್ಲಿ ಕೂತಾಳು? ತಲೆಸುತ್ತಿಗೆ ಎಂದಷ್ಟೇ ನಾದಿನಿಗೆ ಹೇಳಿ ಆಪರೇಷನ್ ಮಾಡಿಸಿಕೊಂಡಳು.

ಆಮೇಲಿನ ವಾರಗಳಲ್ಲಿ ಮಗುವಿನಂತೆ ಗೋಡೆ ಹಿಡಿದು ನಡೆಯಬೇಕಾಯಿತು. ನಾದಿನಿ ಸೊಂಟ ಬಳಸಿ ಹಿಡಿದು ನಡೆಸಿದಳು. ಒಂದು ಸಂಜೆ ಹಾಗೆ ನಡೆಸುತ್ತಲೇ ಕೇಳಿದಳು: "ಅತ್ತಿಗೆ, ಇದ್ದಾನಾ?"

ಬಣ್ಣದಕ್ಕ ಕಣ್ಣು ಹೊರಳಿಸಿದಳು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಇನ್ನೊಂದು ಸುಳ್ಳು ನಾಲಗೆಯ ತುದಿಗೆ ಬಂದಿತ್ತು.

"ಇಲ್ಲ ಕಣೆ," ಎಂದಳು. ಕೂತು ಎಲ್ಲವನ್ನೂ ಹೇಳಿದಳು.

"ಗೊತ್ತಿದ್ದೂ ಮುಚ್ಚಿಸಿಕೊಂಡ್ರಾ?" ನಾದಿನಿಯ ಮುಖ ಬಿಳಿಚಿಕೊಂಡಿತು. "ನನ್ನನ್ನ ಒಂದು ಮಾತು ಕೇಳ್ಲಿಲ್ಲ." ಎದ್ದು ಹೋದವಳು ಹನ್ನೊಂದು ದಿನ ಆ ಕಡೆ ತಲೆ ಹಾಕಲಿಲ್ಲ. ಆ ಹನ್ನೊಂದು ದಿನ ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಬಣ್ಣದಕ್ಕನಿಗೆ ಮೊದಲ ಬಾರಿಗೆ ನಿಜವಾದ ಭಯವಾಯಿತು.

ಹನ್ನೆರಡನೆಯ ದಿನ ಅವಳು ಒಂದು ಅಂಗಡಿಯ ಗೋಡೆಗೆ ಏಣಿ ಆನಿಸಿ, ಎರಡೇ ಮೆಟ್ಟಿಲು ಹತ್ತಿ ನಡುಗುತ್ತ ನಿಂತಿದ್ದಳು. ಯಾರೋ ಕೆಳಗೆ ಏಣಿ ಹಿಡಿದರು.

"ಅಣ್ಣ ಸತ್ತುಹೋದ, ಅಲ್ವಾ ಅತ್ತಿಗೆ?" ಎಂದಳು ನಾದಿನಿ.

"ಹೂಂ ಕಣೆ."

ನಾದಿನಿ ಕೆಳಮೆಟ್ಟಿಲಿಗೆ ಹಣೆ ಒತ್ತಿ, ಬೀದಿ ಎನ್ನದೆ, ಜನ ಎನ್ನದೆ, ಗೊಳೋ ಎಂದು ಅತ್ತುಬಿಟ್ಟಳು. ಏಣಿ ಗದಗದ ಅಲುಗಿತು. ಬಣ್ಣದಕ್ಕ ಕುಂಚವನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈಯಿಂದ ಏಣಿ ಹಿಡಿದು, ಆ ಅಳು ಮುಗಿಯುವವರೆಗೂ ಅಲ್ಲೇ ನಿಂತಳು.