ಫೋನಿನ ಹೆಸರು

"ನೀನು ಮಾತ್ರ ಬಾಯಿ ಬಿಡಬೇಡಮ್ಮ," ಜಗನ್ನಾಥ್ ಬಾಗಿಲ ಕಡೆ ಕಣ್ಣಿಟ್ಟುಕೊಂಡೇ ಪಿಸುಗುಟ್ಟಿದರು. "ಅವರು ಹೋಗೋವರ್ಗೂ ಒಳಗಿರು. ಸುವರ್ಣಾ, ನೀನು ಫೋನಿನ ಕುರ್ಚೀಲಿ ಕೂತ್ಕೊ. ಗಂಟಲು ಕಟ್ಟಿದೆ ಅಂತೀನಿ. ನೀನು ನಕ್ಕರೆ ಸಾಕು."

ಹನುಮವ್ವ ತನ್ನ ಕುರ್ಚಿ ಬಿಟ್ಟು ಎದ್ದಳು. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳುತ್ತಿತ್ತು. ಹತ್ತಿ ಬರುತ್ತಿದ್ದ ಮನುಷ್ಯನ ಜೊತೆ ಅವಳು ಎರಡು ವರ್ಷದಿಂದ ಮಾತಾಡುತ್ತಿದ್ದಳು. ಒಂದು ಸಲವೂ ಅವನನ್ನು ನೋಡಿರಲಿಲ್ಲ.

ಗೋವಿಂದರಾಜನಗರದಲ್ಲಿ, ಪೇಂಟ್ ಅಂಗಡಿಯೊಂದರ ಮೇಲೆ ಜಗನ್ನಾಥ್ ಅವರ ಆಫೀಸು. ಕಾರ್ಖಾನೆಗಳಿಗೆ ಗ್ಲೌಸು, ಮಾಸ್ಕು ಮಾರುವ ವ್ಯವಹಾರ. ಹಳದಿ ಡೈರೆಕ್ಟರಿ ತೆರೆದಿಟ್ಟುಕೊಂಡು, ಗುರುತು ಪರಿಚಯ ಇಲ್ಲದ ಕಂಪನಿಗಳಿಗೆ ಫೋನು ಹಚ್ಚಿ, ಬೈಸಿಕೊಂಡು, ಮತ್ತೆ ಹಚ್ಚುವುದು ಹನುಮವ್ವನ ಕೆಲಸ. ಅವಳು ಬಾದಾಮಿ ಕಡೆಯವಳು. ತುಟಿಯ ಸುತ್ತ, ಗಲ್ಲದ ಮೇಲೆ, ಎರಡೂ ಮುಂಗೈಗಳ ಮೇಲೆ ತೊನ್ನು. ಊರಲ್ಲಿ ಹೆಣ್ಣು ನೋಡಲು ಬಂದವರು ಅವಳು ತಂದಿಟ್ಟ ಚಹಾ ಮುಟ್ಟದೆ ಎದ್ದು ಹೋಗಿದ್ದರು. ಫೋನಿಗೆ ಕಣ್ಣಿಲ್ಲವಲ್ಲ, ಅದಕ್ಕೇ ಈ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು. ದನಿಯನ್ನಂತೂ ದೇವರು ಕೈ ಬಿಚ್ಚಿ ಕೊಟ್ಟಿದ್ದ.

ಹನುಮವ್ವ ಅನ್ನುವ ಹೆಸರಿಗೆ ಆರ್ಡರ್ ಹುಟ್ಟುವುದಿಲ್ಲ ಎಂದು ಜಗನ್ನಾಥ್ ಅವಳಿಗೆ ಕೀರ್ತನಾ ಎಂದು ಹೆಸರಿಟ್ಟರು. ಹೆಸರಿಗೆ ತಕ್ಕ ಮಾತನ್ನು ಅವಳೇ ಕಲಿತಳು. ಸಿಟಿ ಬಸ್ಸಿನಲ್ಲಿ ಹೆಂಗಸರ ಹರಟೆಗೆ ಕಿವಿಕೊಟ್ಟು, ಬಾಡಿಗೆ ಕೋಣೆಯಲ್ಲಿ ಗೋಡೆಗೆ ಹೇಳಿ ಹೇಳಿ ಬಾಯಿಪಾಠ ಮಾಡಿ, ಕೊನೆಗೆ ಆಫೀಸಿನಲ್ಲೂ ಬೆಂಗಳೂರಿನ ಮಾತನ್ನೇ ಆಡತೊಡಗಿದಳು. ಊರಿನ ಮಾತು ಅವ್ವನಿಗೆ ಫೋನ್ ಮಾಡಿದಾಗ ಮಾತ್ರ ಹೊರಬರುತ್ತಿತ್ತು.

ಯೋಗಾನಂದ ಸುಂಕದಕಟ್ಟೆಯ ಕಾರ್ಖಾನೆಯೊಂದರಲ್ಲಿ ಪರ್ಚೇಸ್ ಆಫೀಸರ್. ಮೊದಲ ಸಲ, "ಬೇಡಮ್ಮ, ಇಡಿ ಫೋನು" ಎಂದಿದ್ದ. ಅವಳು ಮುಂದಿನ ತಿಂಗಳೂ ಮಾಡಿದಳು, ಅದರ ಮುಂದಿನ ತಿಂಗಳೂ ಮಾಡಿದಳು. ಕೊನೆಗೆ ಆರ್ಡರ್ ಕೊಟ್ಟ. ಆಮೇಲೆ ಆರ್ಡರ್ ಇಲ್ಲದಿದ್ದರೂ ಫೋನಿಗೆ ಸಿಗುತ್ತಿದ್ದ. "ಏನ್ ಕೀರ್ತನಾ ಅವರೇ, ನಮ್ಮನ್ನ ಮರೆತೇಬಿಟ್ರಾ?" ಎನ್ನುತ್ತಿದ್ದ. "ನಮ್ಮಮ್ಮ ಹೆಣ್ಣು ತೋರಿಸ್ತಾನೇ ಇದಾರೆ, ನಾನು ಬೇಡ ಅಂತಾನೇ ಇದೀನಿ, ನಿಮ್ಮ ಗ್ಲೌಸಿಗೆ ಅಂದಂಗೆ" ಎಂದು ನಗುತ್ತಿದ್ದ. "ಕೊನೇಗೆ ಗ್ಲೌಸ್ ತಗೊಂಡ್ರಲ್ಲ ಸಾರ್" ಎಂದು ಅವಳು ಅಂದುಬಿಟ್ಟಿದ್ದಳು. ಆ ದಿನವೆಲ್ಲ ತನ್ನ ಧೈರ್ಯಕ್ಕೆ ತಾನೇ ಬೆವರಿದ್ದಳು. ಹಿತಕವರೆ ಬೇಳೆ ಸಾರು ಗೊತ್ತಿಲ್ಲ ಎಂದಾಗ ಅವನು ಹೌಹಾರಿದ. ಸೈಟುಗಳಿಗೆ ಹೋಗಿ ಉಳಿದಿದ್ದ ಒಂದು ತುಂಡು ಹೊಲದಲ್ಲಿ ಅವನ ಅಮ್ಮ ಇನ್ನೂ ಅವರೆ ಹಾಕುತ್ತಿದ್ದರಂತೆ. "ಸೀಸನ್ ಬರ್ಲಿ, ತಂದ್ಕೊಡ್ತೀನಿ" ಎಂದಿದ್ದ. ಫೋನಿನ ಮಾತು ಫೋನಿಗೇ ಮುಗಿಯುತ್ತದೆ ಎಂದು ಅವಳು ಅಂದುಕೊಂಡಳು.

ಅಷ್ಟರಲ್ಲಿ ಜಗನ್ನಾಥ್ ಅವರಿಗೆ ಇಂಟರ್‌ನೆಟ್ಟಿನ ಗಾಳಿ ಬೀಸಿತು. ಯಾವುದೋ ಹೋಟೆಲಿನ ಸೆಮಿನಾರಿಗೆ ಹೋಗಿ ಬಂದು, "ಇನ್ನು ಬರೀ ಫೋನ್ ನಡೆಯಲ್ಲ ಕಣಮ್ಮ. ನೀನು ಫೋನ್ ಇಟ್ಟ ತಕ್ಷಣ ಅವರು ನಮ್ಮನ್ನ ನೆಟ್ಟಲ್ಲಿ ಹುಡುಕ್ತಾರೆ. ಮುಖ ಕಾಣ್ಬೇಕು" ಎಂದರು. ವೆಬ್‌ಸೈಟ್ ಆಯಿತು. ಮೊದಲು ಇಮೇಲ್, ಆಮೇಲೆ ಫೋನ್ ಎಂದಾಯಿತು. ಕರೆ ಮಾಡುವ ಮುಂಚೆ ಕಂಪನಿಯ ಪುಟ ತೆರೆದು ಓದುವುದನ್ನೂ ಹನುಮವ್ವ ಕಲಿತಳು. ಆದರೆ ಕೀರ್ತನಾ ಎಂಬ ಹೆಸರಿನ ಮೇಲೆ ಬಂದ ಫೋಟೋ, ಕಂಪ್ಯೂಟರ್ ನೋಡಿಕೊಳ್ಳುವ ಸುವರ್ಣಾಳದು. ಕೆಳಗಿನ ಸೈಬರ್ ಕೆಫೆಯಿಂದ ಎರವಲು ತಂದ ಹೆಡ್‌ಫೋನ್ ಹಾಕಿಕೊಂಡು ಅವಳು ಚೆನ್ನಾಗಿಯೇ ನಕ್ಕಿದ್ದಳು. "ಬೇಜಾರು ಮಾಡ್ಕೋಬೇಡಮ್ಮ, ವ್ಯಾಪಾರ" ಎಂದಿದ್ದರು ಜಗನ್ನಾಥ್. ಕೆಟ್ಟವರೇನಲ್ಲ. ಅದಕ್ಕೇ ಅವಳಿಗೆ ಜಗಳವಾಡಲೂ ಬರಲಿಲ್ಲ.

ಮರುವಾರ ಯೋಗಾನಂದ ಫೋನಿನಲ್ಲಿ ತಡವರಿಸುತ್ತಾ, "ನಿಮ್ಮ ಫೋಟೋ ನೋಡ್ದೆ. ನಾನು ಅಂದ್ಕೊಂಡಿದ್ದ ಥರ ಇಲ್ಲ" ಎಂದ.

"ಹೇಗೆ ಅಂದ್ಕೊಂಡಿದ್ರಿ ಸಾರ್?"

"ಗೊತ್ತಿಲ್ಲ. ಆದ್ರೆ ಹಿಂಗಲ್ಲ."

ಆ ರಾತ್ರಿ ಅವಳು ಊಟ ಮಾಡುವುದನ್ನೇ ಮರೆತಳು. ನಾಲ್ಕು ಬಾರಿ ಕನ್ನಡಿ ನೋಡಿಕೊಂಡಳು. ಇದ್ದರೂ ಇರಬಹುದು, ನನ್ನಂಥದ್ದೇ ಒಂದು ಮುಖ ಅವನ ಮನಸ್ಸಿನಲ್ಲಿ ಇದ್ದರೂ ಇರಬಹುದು ಎಂದು ಆಸೆಪಟ್ಟಳು.

ಈಗ ಅವನು ಹೇಳದೆ ಕೇಳದೆ ಬಂದುಬಿಟ್ಟಿದ್ದ. ಕಿಟಕಿಯಲ್ಲಿ ಸ್ಕೂಟರು ನಿಲ್ಲಿಸುವುದನ್ನು ಕಂಡು, ಅವನ ಕಾರ್ಖಾನೆಗೆ ಹೋಗಿ ಬಂದಿದ್ದ ಜಗನ್ನಾಥ್ ಅವರೇ ಗುರುತು ಹಿಡಿದಿದ್ದರು.

ಒಳಗೆ ಟೀ ಕುದಿಯುತ್ತಿತ್ತು. ಕರೆದರೆ ಸುವರ್ಣಾಳೇ ಬಂದು ಒಯ್ಯುತ್ತಿದ್ದಳು. ಹನುಮವ್ವನಿಗೆ ತಡೆಯಲಾಗಲಿಲ್ಲ. ಸೆರಗನ್ನು ಬಾಯಿಯ ತನಕ ಎಳೆದುಕೊಂಡು, ಅದರ ತುದಿಯಲ್ಲೇ ಮುಂಗೈ ಮುಚ್ಚಿ, ಕಪ್ಪು ಹಿಡಿದು ಹೊರಬಂದಳು. ಜಗನ್ನಾಥ್ ಕಣ್ಣು ಕೆಕ್ಕರಿಸಿದರು.

ಯೋಗಾನಂದ ತೆಳ್ಳಗಿದ್ದ, ಕಿವಿ ಅಗಲವಾಗಿತ್ತು. ಇಸ್ತ್ರಿ ಮಾಡಿದ ಶರಟಿನ ಮೇಲೆ ರಸ್ತೆಯ ಧೂಳು ಕೂತಿತ್ತು. ಕಾಲ ಬಳಿ ಒಂದು ಬಟ್ಟೆ ಚೀಲ, ಅದರ ಬಾಯಲ್ಲಿ ಅವರೇಕಾಯಿ ಇಣುಕುತ್ತಿತ್ತು. ಕೋಣೆಯೆಲ್ಲ ಸೊಗಡು. ಹನುಮವ್ವ ಕಪ್ಪು ಇಡುವಾಗ ಸೆರಗು ಜಾರಿ, ಮುಂಗೈಯ ಬಿಳಿ ಅವನ ಕಣ್ಣೆದುರಿಗೇ ಬಂತು. ಅವನು ನೋಡಿದ.

ಅದೇ ಹೊತ್ತಿಗೆ ಸುವರ್ಣಾ ಚೀಲದ ಕಡೆ ನೋಡಿ, "ಥ್ಯಾಂಕ್ಯೂ ಸಾರ್" ಎಂದುಬಿಟ್ಟಳು. ಗಂಟಲು ಕಟ್ಟಿದವಳ ಹಾಗೆ ಕಷ್ಟಪಟ್ಟು ದನಿ ಒಡೆಸಿದ್ದಳು, ಪಾಪ. ಯೋಗಾನಂದನ ಮುಖ ಇಳಿಯಿತು. ಎರಡು ಮಾತು ಆಡಿದ ಹಾಗೆ ಮಾಡಿ ಬೇಗ ಎದ್ದ. ಟೀ ಹಾಗೇ ಇತ್ತು.

ಜಗನ್ನಾಥ್ ಅವನನ್ನು ಬೀಳ್ಕೊಡಲು ಮೆಟ್ಟಿಲ ತನಕ ಹೋಗಿ, ಹಾಗೇ ಮೇಲಿನ ಮಹಡಿಯ ಗೋಡೌನಿಗೆ ಹತ್ತಿದರು. "ಇದನ್ನ ಬಸ್ಸಲ್ಲಿ ನಾನೆಲ್ಲಿ ಹೊತ್ಕೊಂಡು ಹೋಗ್ಲಿ, ನೀವೇ ಇಟ್ಕೊಳಿ ಅಕ್ಕಾ" ಎಂದು ಸುವರ್ಣಾ ಚೀಲವನ್ನು ಹನುಮವ್ವನ ಕಡೆ ತಳ್ಳಿ ಕಂಪ್ಯೂಟರಿಗೆ ಮರಳಿದಳು. ಹನುಮವ್ವ ತನ್ನ ಕುರ್ಚಿಯಲ್ಲಿ ಕೂತು ಆ ತುಂಬಿದ ಕಪ್ಪನ್ನು ನೋಡಿದಳು. ಕೈ ನೋಡಿ ಟೀ ಬಿಟ್ಟನೋ, ಮನಸ್ಸು ಮುರಿದು ಬಿಟ್ಟನೋ? ಅವನನ್ನೇ ಕೇಳಬೇಕು. ಕೇಳುವುದು ಹೇಗೆ?

ಫೋನು ಬಡಿದುಕೊಂಡಿತು. ಅಭ್ಯಾಸಬಲದಿಂದ ಎತ್ತಿದಳು.

"ಕೀರ್ತನಾ ಅವರಾ?" ಯೋಗಾನಂದನ ದನಿ. ಕಿಟಕಿಯಿಂದ ಕೆಳಗೆ ಕಾಣುತ್ತಿದ್ದ, ಸ್ಕೂಟರಿಗೆ ಒರಗಿ ಮೊಬೈಲು ಕಿವಿಗೆ ಒತ್ತಿಕೊಂಡಿದ್ದ. "ಮೇಲಿದ್ದೋರು ನೀವಲ್ಲ. ನಂಗೊತ್ತು. ಇದೀರಾ ಅಲ್ಲಿ? ಒಂದೇ ಒಂದು ಮಾತಾಡಿ."

"ಇದೀನಿ ಸಾರ್" ಅಂದಿದ್ದರೆ ಸಾಕಾಗಿತ್ತು. ಅವನು ಮೆಟ್ಟಿಲು ಹತ್ತಿ ಬರುತ್ತಿದ್ದ. ಬಂದು ನೋಡುತ್ತಿದ್ದ. ಹನುಮವ್ವನ ಕಣ್ಣು ಮತ್ತೆ ಕಪ್ಪಿನ ಮೇಲೆ ಬಿತ್ತು. ಟೀ ಕೆನೆಗಟ್ಟುತ್ತಿತ್ತು.

"ಆಕಿ ಇಲ್ರೀ," ಎಂದಳು. ಅವ್ವನ ಹತ್ತಿರ ಆಡುವ ಮಾತು ತಾನಾಗಿ ಬಾಯಿಗೆ ಬಂತು. "ಕೆಲಸಾ ಬಿಟ್ಟು ಹೋಗ್ಯಾಳ್ರೀ."

"ಎಲ್ಲಿಗೆ?"

"ಗೊತ್ತಿಲ್ರೀ."

ಈಗಲಾದರೂ ಗುರುತು ಹಿಡಿಯಲಿ ಎಂದು ಅವಳು ಕಾದಳು.

"ನೀನ್ಯಾರಮ್ಮ?"

"ನಿಮಗ ಚಾ ಕೊಟ್ಟಾಕಿ ರೀ."

"ಓ. ಸರಿ ಕಣಮ್ಮ. ಅವರೇನಾದ್ರೂ ಬಂದ್ರೆ, ಆ ಚೀಲ ಅವರಿಗೇ ತಂದಿದ್ದು ಅಂತ ಹೇಳು."

"ಹೇಳ್ತೀನ್ರೀ."

ಸ್ಕೂಟರು ಮಾಗಡಿ ರಸ್ತೆಯ ಕಡೆ ತಿರುಗಿ ಬಸ್ಸುಗಳ ನಡುವೆ ಸೇರಿಹೋಯಿತು. ಹನುಮವ್ವ ಚೀಲವನ್ನು ಮಡಿಲಿಗೆ ಎಳೆದುಕೊಂಡು ಒಂದೊಂದೇ ಕಾಯಿ ಬಿಡಿಸತೊಡಗಿದಳು. ಅತ್ತರೆ ದನಿ ಕೆಡುತ್ತದೆ ಎಂದು ಅಳಲಿಲ್ಲ. ಇನ್ನೂ ಅರ್ಧ ದಿನದ ಫೋನುಗಳು ಬಾಕಿ ಇದ್ದವು.

ಜಗನ್ನಾಥ್ ಇಳಿದು ಬಂದರು. "ಸದ್ಯ, ಏನೂ ಆಗ್ಲಿಲ್ಲ. ನಾಳೆ ಅವರಿಗೊಂದು ಫೋನ್ ಹಾಕಮ್ಮ, ಗಂಟಲು ಸರಿಹೋಯ್ತು ಅನ್ನು. ಒಳ್ಳೇ ಪಾರ್ಟಿ."

"ನನಗ ಬ್ಯಾರೆ ಒಂದು ಹೆಸರು ಕೊಡ್ರಿ ಸರ್," ಎಂದಳು ಹನುಮವ್ವ.

ಅವಳ ಬಾಯಲ್ಲಿ ಊರಿನ ಈ ಮಾತನ್ನು ಅವರು ಕೇಳಿಯೇ ಇರಲಿಲ್ಲ. ಸುವರ್ಣಾಳೂ ತಿರುಗಿ ನೋಡಿದಳು. ಏನು, ಯಾಕೆ ಎಂದು ಕೇಳಲು ಹೋದ ಜಗನ್ನಾಥ್ ಅವಳ ಮುಖ ಕಂಡು ಅದನ್ನು ಬಿಟ್ಟರು. ಮೆಲ್ಲಗೆ, "ರಂಜಿತಾ? ಸಹನಾ ಆಗುತ್ತೇನೋ ನೋಡು" ಎಂದರು.

ಅವಳು ಆಗಲಿ ಎಂದು ತಲೆಯಾಡಿಸಿದಳು. ಅವರೆಯ ಸೊಗಡು ಹತ್ತಿದ ಬೆರಳುಗಳಿಂದ ಆ ಕಪ್ಪನ್ನು ಎತ್ತಿಕೊಂಡು, ಕೆನೆ ಸರಿಸಿ, ತಣ್ಣಗಾದ ಟೀಯನ್ನು ಕೊನೆಯ ಗುಟುಕಿನವರೆಗೂ ತಾನೇ ಕುಡಿದಳು.